ಶನಿವಾರದ ಗಂಟೆ

ಗಂಟೆ ಹೊಡೆಯುವುದು ಏನು ಮಹಾ ಕೆಲಸ, ಹಗ್ಗ ಹಿಡಿದು ಎಳೆದರಾಯಿತು ಅನ್ನುವವರು ಅಂಬೋನ್ ಕಡೆಯ ದ್ವೀಪದ ನಮ್ಮ ಹತುಲಾವ್ ಊರಿಗೆ ಬಂದು ಒಮ್ಮೆ ಎಳೆದು ನೋಡಬೇಕು. ನಮ್ಮ ಚರ್ಚಿನ ಗಂಟೆ ಯಾವುದೋ ಕಾಲದಲ್ಲಿ ಹಡಗಿನಿಂದ ಇಳಿದದ್ದು, ಮಹಾ ಮೊಂಡು. ಎಳೆದ ತಕ್ಷಣ ಬಾರಿಸುವುದಿಲ್ಲ. ಅರ್ಧ ಉಸಿರು ತಡೆದು ಬಾರಿಸುತ್ತದೆ. ಆ ತಡೆ ಗೊತ್ತಿಲ್ಲದವನು ಎಳೆದರೆ ಒಂದು ಪೆಟ್ಟು ಗಟ್ಟಿ, ಒಂದು ಮೆತ್ತಗೆ, ಇನ್ನೊಂದು ಕಾಣೆ. ಕುಡಿದವನು ಮೆಟ್ಟಿಲು ಇಳಿಯುವ ಹಾಗೆ ಕೇಳಿಸುತ್ತದೆ.

ಅದರ ಮರ್ಜಿ ತಿಳಿದವನು ಊರಿಗೆ ಒಬ್ಬನೇ, ಡೊಮಿಂಗುಸ್ ನನ್ಲೋಹಿ. ಡೊಮಿಂಗುಸ್ ಅಂದರೆ ಭಾನುವಾರ, ಆ ದಿನ ಹುಟ್ಟಿದ್ದಕ್ಕೆ ಆ ಹೆಸರು. ಊರ ಬಾಯಲ್ಲಿ ಮಿಂಗುಸ್. ಗಂಟೆಯ ಹಗ್ಗ, ಚರ್ಚಿನ ಕೀಲಿ, ಪೊರಕೆ, ಆರಾಧನೆಯ ನಡುವೆ ಒಳಗೆ ನುಗ್ಗುವ ನಾಯಿಗಳನ್ನು ಓಡಿಸುವ ಬೆತ್ತ, ಈ ನಾಲ್ಕೂ ತಲೆತಲಾಂತರದಿಂದ ಅವನ ಮನೆತನದ ಪಾಲು. ಇಪ್ಪತ್ತನಾಲ್ಕನೆಯ ವಯಸ್ಸಿಗೆ ತಂದೆಯ ಕೈಯಿಂದ ಕೀಲಿ ತೆಗೆದುಕೊಂಡ, ಈಗ ಐವತ್ತೈದು. ಈ ಮೂವತ್ತೊಂದು ವರ್ಷದಲ್ಲಿ ಅವನು ಒಂದು ದಿನವೂ ಬೆಂಚಿನ ಮೇಲೆ ಕೂತು ಆರಾಧನೆ ಮಾಡಿದವನಲ್ಲ. ಬಾಗಿಲ ಪಕ್ಕದ ಸ್ಟೂಲೇ ಅವನ ಜಾಗ. ಒಂದು ಕಣ್ಣು ಪೀಠದ ಮೇಲೆ, ಇನ್ನೊಂದು ನಾಯಿಗಳ ಮೇಲೆ.

ಭಾನುವಾರ ಮೂರು ಸಲ ಗಂಟೆ. ಎಂಟಕ್ಕೆ ಮೊದಲನೆಯದು: ಕೆಲಸ ಬಿಡಿ, ಸ್ನಾನ ಮಾಡಿ. ಎಂಟೂವರೆಗೆ ಎರಡನೆಯದು: ಕಪ್ಪು ಬಟ್ಟೆ ಉಟ್ಟು ಮನೆ ಬಿಡಿ. ಒಂಬತ್ತಕ್ಕೆ ಮೂರನೆಯದು: ಬಾಗಿಲು ಹಾಕುತ್ತೇವೆ, ಆಮೇಲೆ ನಿಮ್ಮ ಹಣೆಬರಹ. ಸಾವಿನ ಗಂಟೆ ಬೇರೆ. ಸತ್ತವರಿಗೆ ಎಷ್ಟು ವಯಸ್ಸೋ ಅಷ್ಟು ಪೆಟ್ಟು, ಒಂದೊಂದರ ನಡುವೆ ಒಂದು ಪೂರ್ತಿ ಉಸಿರಿನಷ್ಟು ಹೊತ್ತು. ಊರು ಕೈಯಲ್ಲಿದ್ದ ಕೆಲಸ ಬಿಟ್ಟು ಎಣಿಸುತ್ತದೆ.

ಕಳೆದ ನವೆಂಬರಿನಲ್ಲಿ ಅವನ ಹೆಂಡತಿ ಸಲೋಮಿ ಮೂರೇ ದಿನದ ಜ್ವರದಲ್ಲಿ ಹೋಗಿಬಿಟ್ಟಳು. ಗಂಟೆ ಹೊಡೆಯಲು ಬೇರೆ ಯಾರಿಗೆ ಹೇಳುವುದು? ಮಿಂಗುಸನೇ ಹೋಗಿ ಹಗ್ಗ ಹಿಡಿದ. ಐವತ್ತೆರಡು ಪೆಟ್ಟು. ಒಂದೂ ತಪ್ಪಲಿಲ್ಲ, ಒಂದೂ ಅವಸರವಾಗಲಿಲ್ಲ. ಹಗ್ಗ ಬಿಟ್ಟಾಗ ಅಂಗೈ ಮರಗಟ್ಟಿತ್ತು. ಹಗ್ಗ ಉಜ್ಜಿ ಹೀಗಾಗಿದೆ ಎಂದುಕೊಂಡ. ಸಂಜೆಯ ಹೊತ್ತಿಗೆ ಆ ಮರಗಟ್ಟುವಿಕೆ ಮೊಣಕೈ ಏರಿ, ಭುಜ ಏರಿ, ಎದೆಯೊಳಗೆ ಹೋಗಿ ಕೂತಿತ್ತು. ಹೂಳುವಾಗ ಊರಿಗೆ ಊರೇ ಅತ್ತಿತು. ಅವನು ಮಾತ್ರ, ಮಣ್ಣು ಒದ್ದೆಯಾಗಿದೆ, ಸನಿಕೆಗೆ ಅಂಟುತ್ತಿದೆ ಎಂದು ನೋಡುತ್ತಾ ನಿಂತಿದ್ದ.

ಐವತ್ತೆರಡು ಎಣಿಸಿ ಮುಗಿಸಿದ ಮೇಲೆ ಅವನು ಎಣಿಸುವುದನ್ನೇ ಬಿಟ್ಟುಬಿಟ್ಟ. ಗೋಡೆಯ ಕ್ಯಾಲೆಂಡರಿನಿಂದ ದಿನಕ್ಕೊಂದು ಹಾಳೆ ಹರಿಯುತ್ತಿದ್ದವಳು ಸಲೋಮಿ. ಅದು ನವೆಂಬರ್ ಹನ್ನೊಂದಕ್ಕೇ ನಿಂತಿತ್ತು.

ನಮ್ಮ ಊರಿನ ಪ್ರತಿ ಮನೆಯ ಒಳಕೋಣೆಯಲ್ಲೂ ಪ್ರಾರ್ಥನೆಯ ಮೇಜು ಇರುತ್ತದೆ. ಬಿಳಿ ಬಟ್ಟೆ ಹೊದಿಸಿದ ಪುಟ್ಟ ಮೇಜು, ಮೇಲೊಂದು ಬೈಬಲ್ಲು, ಪಕ್ಕದಲ್ಲಿ ಹರಕೆಯ ಬಿಳಿ ತಟ್ಟೆ. ದೋಣಿ ಹತ್ತುವ ಮುಂಚೆ, ಲವಂಗದ ಮರ ಹತ್ತುವ ಮುಂಚೆ, ಗಂಡ ಹೆಂಡತಿ ಜಗಳವಾಡಿ ಮಾತು ಬಿಟ್ಟ ಮೇಲೆ, ಮನೆಯವರೆಲ್ಲ ಅದರ ಮುಂದೆ ನಿಲ್ಲಬೇಕು. ಮಿಂಗುಸನದು ಮಕ್ಕಳಿಲ್ಲದ ಮನೆ; ನಿಲ್ಲುವವರು ಇಬ್ಬರು, ಮಾತಾಡುವವಳು ಒಬ್ಬಳು. ದೇವರನ್ನು ನಾವೆಲ್ಲ ಕರೆಯುವ ಹಾಗೆ ಸಲೋಮಿಯೂ 'ತೇತೆ ಮಾನಿಸ್' ಎಂದೇ ಕರೆಯುತ್ತಿದ್ದಳು, ಸಿಹಿ ಅಜ್ಜ ಎಂದು. ಮನೆಯ ಅಜ್ಜನ ಮುಂದೆ ಕೂತು ಹೇಳುವಂತೆ ಎಲ್ಲವನ್ನೂ ಹೇಳುತ್ತಿದ್ದಳು: ಕೋಳಿ ಕಳೆದದ್ದು, ಗಂಡನ ಮೊಣಕಾಲು ನೋವು, ಪಕ್ಕದ ಮನೆ ಯಾಕೊಬಾಳ ಸೊಕ್ಕು. ಮಿಂಗುಸ್ ಹಿಂದೆ ನಿಂತು ತಲೆ ತಗ್ಗಿಸಿ, ಎಲ್ಲ ಮುಗಿದ ಮೇಲೆ "ಆಮೆನ್" ಅನ್ನುತ್ತಿದ್ದ. ಇಪ್ಪತ್ತೊಂಬತ್ತು ವರ್ಷದ ಸಂಸಾರದಲ್ಲಿ ಅವನು ದೇವರೊಡನೆ ಆಡಿದ ಮಾತು ಅದೊಂದೇ.

ಅವಳು ಹೋದ ಮೇಲೆ ಎರಡು ಸಂಜೆ ಮೇಜಿನ ಮುಂದೆ ನಿಂತ. ಆಮೆನ್ ಅನ್ನಲು ಬಾಯಿ ಸಿದ್ಧವಾಗಿತ್ತು. ಯಾವುದಕ್ಕೆ ಅನ್ನುವುದು? ಮುಂದೆ ಮಾತೇ ಇಲ್ಲ. ಮೂರನೆಯ ಸಂಜೆ ಒಳಕೋಣೆಯ ಬಾಗಿಲು ಎಳೆದುಕೊಂಡ. ಮತ್ತೆ ತೆಗೆಯಲಿಲ್ಲ.

ಭಾನುವಾರದ ಮೊದಲನೆಯ ಗಂಟೆ ಕೇಳಿದಾಗ ಸಲೋಮಿ ಒಬ್ಬಳೇ ಆ ಮೇಜಿನ ಮುಂದೆ ನಿಂತು, "ಸಿಹಿ ಅಜ್ಜ, ನಿನ್ನ ಮನೆಗೆ ಬರ್ತಾ ಇದೀವಿ, ಬಾಗಿಲು ತೆಗೆದಿರು," ಅನ್ನುತ್ತಿದ್ದಳಂತೆ. ಅವನಿಗೆ ಹೇಳಿದ್ದಳು, ಅವನು ಕಣ್ಣಾರೆ ಕಂಡದ್ದಲ್ಲ; ಆ ಹೊತ್ತಿಗೆ ಅವನು ಗಂಟೆಯ ಕೆಳಗೆ. "ಒಂದ್ ಸಲ ನೀವು ಗಂಟೇನ ಮನೆಯಿಂದ ಕೇಳಬೇಕು ರೀ," ಎಂದು ಅವಳು ವರ್ಷಕ್ಕೊಂದು ಸಲವಾದರೂ ಹೇಳುತ್ತಿದ್ದಳು. "ಅಲ್ಲಿ ನಿಮಗೆ ಬರೀ ಸದ್ದು."

"ನಾನು ಮನೇಲಿ ಕೂತು ಕೇಳಿದ್ರೆ ಅಲ್ಲಿ ಹೊಡೆಯೋರು ಯಾರು, ನಿಮ್ಮಪ್ಪನಾ?" ಎಂದು ಅವನು ನಕ್ಕುಬಿಡುತ್ತಿದ್ದ.

ಹೀಗೆ ನಾಲ್ಕು ತಿಂಗಳು ಕಳೆಯಿತು. ಗಂಟೆ ತಪ್ಪಲಿಲ್ಲ, ನೆಲ ಗುಡಿಸುವುದು ತಪ್ಪಲಿಲ್ಲ, ನಾಯಿಗಳಿಗೆ ಬೆತ್ತ ತಪ್ಪಲಿಲ್ಲ. ಆರಾಧನೆಯ ಹೊತ್ತಿನಲ್ಲಿ ಬಿದಿರು ಕೊಳಲಿನವರು ಊದುತ್ತಿದ್ದರು, ಜನ ಹಾಡುತ್ತಿದ್ದರು, ಕರ್ತನ ಪ್ರಾರ್ಥನೆಗೆ ಎಲ್ಲರೂ ಎದ್ದು ನಿಲ್ಲುತ್ತಿದ್ದರು. ಮಿಂಗುಸ್ ಸ್ಟೂಲಿನ ಮೇಲೆ ಕೂತು ಕಿಟಕಿಯ ಗಾಜಿನ ಮೇಲೆ ಹರಿದಾಡುವ ಕಣಜವನ್ನು ನೋಡುತ್ತಿದ್ದ. ಅವನಿಗೆ ದುಃಖ ಅಂತಲೂ ಇರಲಿಲ್ಲ. ದುಃಖವಾದರೆ ಮನುಷ್ಯನಿಗೆ ಏನೋ ಒಂದು ಆಗುತ್ತಿದೆ ಎಂದು ಅರ್ಥ. ಅವನಿಗೆ ಏನೂ ಆಗುತ್ತಿರಲಿಲ್ಲ.

ಆದರೆ ಒಂದು ಯೋಚನೆ ಮಾತ್ರ ತಲೆಯಲ್ಲಿ ಬಲಿಯುತ್ತಾ ಬಂತು. ತನಗೇ ಪ್ರಾರ್ಥನೆ ಬಾರದ ಮೇಲೆ, ಊರನ್ನು ಪ್ರಾರ್ಥನೆಗೆ ಕರೆಯಲು ತಾನು ಯಾರು? ವಾರ ವಾರ ಹಗ್ಗ ಎಳೆಯುವುದೆಂದರೆ ವಾರ ವಾರ ಸುಳ್ಳು ಹೇಳಿದ ಹಾಗಲ್ಲವೇ? ಮಾರ್ಚ್ ತಿಂಗಳಲ್ಲಿ ಒಂದು ದಿನ ಪಾಸ್ಟರ್ ಮನೆಗೆ ಹೋಗಿ, ಈ ಭಾನುವಾರ ಕೊನೆ, ಆಮೇಲೆ ಕೀಲಿ ಬಿಟ್ಟುಕೊಡುತ್ತೇನೆ ಎಂದ. ಪಾಸ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಅಂಬೋನ್ ಪಟ್ಟಣದ ಸಭೆಗೆ ಹೊರಡಲು ಚೀಲ ಕಟ್ಟುತ್ತಿದ್ದಳು. "ನಾನು ವಾಪಸ್ ಬರೋವರೆಗಾದ್ರೂ ಇರಿ ಬಾಪಾ," ಎಂದಳು. ಅವನು ಇರುತ್ತೇನೆ ಎನ್ನಲಿಲ್ಲ, ಇರುವುದಿಲ್ಲ ಎಂದೂ ಅನ್ನಲಿಲ್ಲ. ಪಾಸ್ಟರ್ ಮನೆಯದು ಸಾಗೋ ತಾಳೆಯ ದಿಂಡಿನ ತೆಳು ಗೋಡೆ, ನಮ್ಮೂರಿನಲ್ಲಿ ಕಿವಿಗಳಿಗೆ ಬರವಿಲ್ಲ. ಸಂಜೆಯೊಳಗೆ ಡಂಗುರ ಹೊಡೆಸಿದ ಹಾಗೆ ವಿಷಯ ಊರೆಲ್ಲ ಆಯಿತು. ಎಲ್ಲರಿಗೂ ಗೊತ್ತು, ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಹೆಂಡತಿ ಸತ್ತವನಿಗೆ ಏನೆಂದು ಹೇಳುವುದು?

ದಿನ ಎಣಿಸದವನಿಗೆ ಭಾನುವಾರ ತಿಳಿಯುತ್ತಿದ್ದದ್ದಾದರೂ ಹೇಗೆ ಅನ್ನಬಹುದು. ಮೂಗಿನಿಂದ. ಶನಿವಾರ ಸಂಜೆ ಪ್ರತಿ ಮನೆಯಲ್ಲೂ ತೆಂಗಿನ ಚಿಪ್ಪಿನ ಕೆಂಡ ತುಂಬಿ ಇಸ್ತ್ರಿಪೆಟ್ಟಿಗೆ ಕಾಯಿಸುತ್ತಾರೆ. ಚರ್ಚಿನ ಕಪ್ಪು ಬಟ್ಟೆಗೆ ಗಂಜಿ ಹಾಕಿ ಇಸ್ತ್ರಿ ಮಾಡುವಾಗ ಏಳುವ ಆ ಸುಟ್ಟ ಗಂಜಿಯ ವಾಸನೆ ಅವನಿಗೆ ಹುಟ್ಟಿನಿಂದ ಗೊತ್ತು. ಸಲೋಮಿ ಹೋದ ಮೇಲೆ ಸ್ವಂತ ಮನೆಯಲ್ಲಿ ಆ ವಾಸನೆ ಇಲ್ಲ. ಬೇಲಿಯಾಚೆ ಯಾಕೊಬಾಳ ಅಡುಗೆಮನೆಯಿಂದ ಬರುತ್ತಿತ್ತು. ಬಂದರೆ ಮರುದಿನ ಭಾನುವಾರ. ಹದಿನೆಂಟು ವಾರ ಆ ಲೆಕ್ಕ ತಪ್ಪಲಿಲ್ಲ.

ಹತ್ತೊಂಬತ್ತನೆಯ ವಾರ ಯಾಕೊಬಾ ಶುಕ್ರವಾರವೇ ಇಸ್ತ್ರಿ ಮಾಡಿದಳು. ಶನಿವಾರ ಪೇಟೆಯ ಸಂತೆಗೆ ಎರಡು ಬುಟ್ಟಿ ಜಾಯಿಕಾಯಿ ಒಯ್ಯಬೇಕಿತ್ತು. ಹೋಗಿ ಬರುವಷ್ಟರಲ್ಲಿ ಕತ್ತಲಾಗುತ್ತದೆ, ಬಟ್ಟೆಯ ಕೆಲಸ ಮುಂಚೆಯೇ ಮುಗಿಸೋಣ ಎಂದು ಅವಳ ಎಣಿಕೆ. ಅವಳೇನು ಕನಸು ಕಂಡಿದ್ದಳೇ, ಬೇಲಿಯಾಚೆ ಒಬ್ಬ ಗಂಡಸು ತನ್ನ ಇಸ್ತ್ರಿಪೆಟ್ಟಿಗೆಯನ್ನು ಪಂಚಾಂಗ ಮಾಡಿಕೊಂಡಿದ್ದಾನೆ ಎಂದು!

ಶನಿವಾರ ಬೆಳಿಗ್ಗೆ ಸಂತೆಯ ಟ್ರಕ್ಕು ಕಡಲದಂಡೆಯ ಆಲದ ಮರದ ಕೆಳಗೆ ಬಂದು ನಿಂತಿತ್ತು. ಬುಟ್ಟಿಗಳು ಹತ್ತಿದ್ದವು, ಹೆಂಗಸರು ಹತ್ತುತ್ತಿದ್ದರು. ಎಂಟಕ್ಕೆ ಸರಿಯಾಗಿ ಗಂಟೆ ಹೊಡೆಯಿತು.

ಎಲ್ಲರೂ ಇದ್ದಲ್ಲೇ ನಿಂತು ಎಣಿಸತೊಡಗಿದರು. ಐದಾರು ಪೆಟ್ಟಾದ ಮೇಲೆ ಇದು ಸಾವಿನದಲ್ಲ ಎಂದು ತಿಳಿಯಿತು. ಬಿಡುವಿಲ್ಲದ, ಸಮನಾದ, ತುಂಬಿದ ಗಂಟೆ. ಭಾನುವಾರದ ಮೊದಲನೆಯದು.

"ಅಯ್ಯೋ, ಇವತ್ತು ಶನಿವಾರ ತಾನೇ?" ಎಂದಳು ಯಾಕೊಬಾ.

"ಅಲ್ದೆ ಮತ್ತೆ, ಭಾನುವಾರ ಮೀನು ಮಾರೋಕೆ ಹೊರಟಿದೀನಾ ನಾನು?" ಎಂದಳು ಇನ್ನೊಬ್ಬಳು. "ಪಾಪ, ತಲೆ ಕೆಟ್ಟಿರಬೇಕು. ಯಾರಾದ್ರೂ ಹೋಗಿ ಹೇಳಿ."

ಶಾಲೆಯ ಮೇಷ್ಟ್ರು ಹೋದರು. ಹೋದವರು ಐದು ನಿಮಿಷದಲ್ಲಿ ಹಿಂತಿರುಗಿ ಬಂದು ತಲೆ ಕೆರೆದುಕೊಂಡರು. "ಹೇಳೋಕಾಗ್ಲಿಲ್ಲ ಕಣ್ರಮ್ಮ. ಸ್ನಾನ ಮಾಡಿ, ಗಡ್ಡ ಬೋಳಿಸ್ಕೊಂಡು, ಕರೀ ಅಂಗಿ ಹಾಕ್ಕೊಂಡು ನಿಂತಿದಾನೆ. ಗುಂಡಿ ಒಂದು ಕೆಳಗೆ ಒಂದು ಮೇಲೆ. 'ಬೇಗ ಬಂದ್ರಿ ಮೇಷ್ಟ್ರೇ' ಅಂದ. ಹೂಂ ಅಂದು ಬಂದ್ಬಿಟ್ಟೆ."

ಟ್ರಕ್ಕಿನ ಮುಂದಿನ ಸೀಟಿನಲ್ಲಿ ಒಮಾ ತೋಸ್ ಕೂತಿದ್ದಳು. ಎಪ್ಪತ್ತಾರು ವರ್ಷ, ಸಭೆಯ ಹಿರಿಯಳು, ಪಾಸ್ಟರ್ ಇಲ್ಲದ ವಾರ ಆರಾಧನೆ ನಡೆಸುವವಳು. ಅಜ್ಜಿ ಎನ್ನುವ ಅರ್ಥದಲ್ಲಿ ಊರೆಲ್ಲ ಒಮಾ ಎನ್ನುತ್ತದೆ. ಹಿಂದಿನಿಂದ ಏನೇನೋ ಅನ್ನುತ್ತದೆ. ಆಕೆಯ ಬಾಯಿಗೆ ಹೆದರದವರು ನಮ್ಮಲ್ಲಿ ಗಂಟೆ ಮತ್ತು ನಾಯಿಗಳು ಮಾತ್ರ. ಒಮಾ ಬುಟ್ಟಿ ಹಿಡಿದುಕೊಂಡು ಕೆಳಗಿಳಿದಳು.

"ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ಹೊಡೆದ ಗಂಟೇನ ವಾಪಸ್ ತಗೊಳ್ಳೋಕಾಗುತ್ತಾ? ನಮ್ಮಜ್ಜನ ಕಾಲದಿಂದ ಈ ಊರಲ್ಲಿ ಗಂಟೆ ಹೊಡೆದು ಜನ ಬರದೇ ಇದ್ದದ್ದು ಇಲ್ಲ. ನನ್ನ ಕಾಲದಲ್ಲಿ ಆಗೋದು ಬೇಡ. ಹೋಗಿ, ಬಟ್ಟೆ ಬದಲಾಯಿಸಿ."

"ಸಂತೆ, ಒಮಾ?"

"ಸಂತೆ ಬುಧವಾರನೂ ಇರುತ್ತೆ. ಜಾಯಿಕಾಯಿ ಏನು ಕೊಳೆಯೋ ಪದಾರ್ಥನಾ? ಮತ್ತೆ ಕೇಳಿ ಇಲ್ಲಿ: ಯಾರಾದ್ರೂ ಅವನ ಮುಂದೆ ಶನಿವಾರ ಅನ್ನೋ ಮಾತೆತ್ತಿದ್ರೆ ಬೆತ್ತ ನನ್ನ ಕೈಗೆ ಬರುತ್ತೆ."

ಟ್ರಕ್ಕಿನವನು ಪಕ್ಕದ ಮುಸಲ್ಮಾನರ ಊರಿನವನು. ಅವನೂ ಇಂಜಿನ್ ಆರಿಸಿ, ಬೀಡಿ ಹಚ್ಚಿ, ಮರಕ್ಕೆ ಒರಗಿಕೊಂಡ. "ಹೋಗಿ ಬನ್ನಿ, ಕಾಯ್ತೀನಿ. ಕರೆದ ಮೇಲೆ ಹೋಗದೇ ಇರೋಕಾಗುತ್ತಾ?" ಎಂದ.

ಎರಡನೆಯ ಗಂಟೆಗೆ ಊರು ಕಪ್ಪು ಬಟ್ಟೆಯಲ್ಲಿ ಮನೆ ಬಿಟ್ಟಿತು. ಮೇಷ್ಟ್ರು ಶಾಲೆಯ ಮಕ್ಕಳನ್ನು ಸಮವಸ್ತ್ರ ಬದಲಾಯಿಸಲು ಮನೆಗೆ ಅಟ್ಟಿದರು. ಇಸ್ತ್ರಿಯಾಗದ ಸುಕ್ಕು ಬಟ್ಟೆ ಉಟ್ಟವರ ನಡುವೆ ಯಾಕೊಬಾಳ ರವಿಕೆಯೊಂದೇ ಗರಿಗರಿ. ಮೂರನೆಯ ಗಂಟೆಯ ಹೊತ್ತಿಗೆ ಬೆಂಚುಗಳು ತುಂಬಿದ್ದವು. ನಿಜ ಹೇಳಬೇಕೆಂದರೆ, ಎಷ್ಟೋ ಭಾನುವಾರಗಳಲ್ಲಿ ಅಷ್ಟು ಜನ ಸೇರಿರಲಿಲ್ಲ.

ಮಿಂಗುಸ್ ಸ್ಟೂಲಿನ ಮೇಲೆ ಕೂತ. ಮೆಟ್ಟಿಲ ಬಳಿ ಯಾರೋ ಒಣಮೀನಿನ ಬುಟ್ಟಿ ಇಟ್ಟಿದ್ದು ಕಂಡಿತು. ಚರ್ಚಿಗೆ ಮೀನಿನ ಬುಟ್ಟಿ ಯಾಕೆ ಎಂಬ ಪ್ರಶ್ನೆ ಏಳಲಿಲ್ಲ. ನಾಯಿ ಬಂದೀತು ಎಂದು ಬೆತ್ತವನ್ನು ಹತ್ತಿರಕ್ಕೆ ಎಳೆದುಕೊಂಡ, ಅಷ್ಟೇ. ಒಮಾ ತೋಸ್ ಕೀರ್ತನೆ ಓದಿದಳು, ಬೈಬಲ್ ಓದಿದಳು, ಕೊಳಲಿನವರು ಊದಿದರು. ಕರ್ತನ ಪ್ರಾರ್ಥನೆಗೆ ಎಲ್ಲರೂ ಎದ್ದರು. ಅವನೂ ಎದ್ದ. ಬಾಯಿ ತೆರೆಯಲಿಲ್ಲ. ಕಣಜ ಅದೇ ಕಿ​ಟಕಿಯಲ್ಲಿತ್ತು. ಇದೇ ಕೊನೆ, ಇನ್ನು ಈ ಸುಳ್ಳು ಇಲ್ಲ ಎಂದು ಯೋಚಿಸಿದ. ಆ ಯೋಚನೆಗೂ ಅವನೊಳಗೆ ಏನೂ ಅಲುಗಾಡಲಿಲ್ಲ.

ಜನ ಹೋದ ಮೇಲೆ ಕಿಟಕಿಗಳನ್ನು ಹಾಕಿ, ಬಾಗಿಲಿಗೆ ಬೀಗ ಜಡಿದು, ಕೀಲಿಯನ್ನು ಒಮಾ ತೋಸಳ ಮುಂದೆ ಹಿಡಿದ.

"ಏನೋ ಇದು?"

"ತಗೊಳ್ಳಿ ಒಮಾ. ಇನ್ನು ಬೇರೆ ಯಾರನ್ನಾದ್ರೂ ನೋಡಿ."

"ಕಾರಣ?"

"ನನಗೆ ಪ್ರಾರ್ಥನೆ ಬರಲ್ಲ ಒಮಾ. ಅವಳಿದ್ದಾಗ್ಲೂ ಬರ್ತಿರ್ಲಿಲ್ಲ, ಆದ್ರೆ ಅವಳಿದ್ಲು. ಒಲೆ ಹಚ್ಚದೇ ಇರೋನು ಊರಿಗೆಲ್ಲಾ ಊಟಕ್ಕೆ ಬನ್ನಿ ಅಂತ ಕರೆದ ಹಾಗಿದೆ ಇದು."

ಒಮಾ ಕೀಲಿ ತೆಗೆದುಕೊಂಡು ಸೊಂಟದ ಬಟ್ಟೆಯಲ್ಲಿ ಗಂಟು ಹಾಕಿಕೊಂಡಳು. "ಹಾಗಾದ್ರೆ ನಾಳೆ..." ಎಂದು ಶುರು ಮಾಡಿ ನಿಲ್ಲಿಸಿದಳು.

"ನಾಳೆ ಏನು?"

"ಏನಿಲ್ಲ. ನಾಳೆ ಮಾತು ನಾಳೆಗೆ."

ಮನೆಗೆ ಹೋಗಿ ಮಲಗಿದ. ಹಗಲೆಲ್ಲ ಮಲಗಿದ್ದ, ರಾತ್ರಿಯೂ ಮಲಗಿದ. ಸಂಜೆ ಊರೆಲ್ಲ ಇಸ್ತ್ರಿಯ ವಾಸನೆ ಎದ್ದದ್ದು ನಿದ್ದೆಯಲ್ಲಿದ್ದವನಿಗೆ ಎಲ್ಲಿ ತಿಳಿಯಬೇಕು?

ಬೆಳಿಗ್ಗೆ ಎದ್ದಾಗ ಅವನ ಲೆಕ್ಕಕ್ಕೆ ಅದು ಸೋಮವಾರ. ಕೀಲಿ ಇಲ್ಲದ ಮೊದಲ ದಿನ. ಸೊಂಟದ ಹತ್ತಿರ ಕೈ ಹೋಗಿ ಬರಿದೇ ವಾಪಸ್ಸು ಬಂತು. ಹಿತ್ತಲ ಮೆಟ್ಟಿಲ ಮೇಲೆ ಕೂತು ಸಾಗೋ ರೊಟ್ಟಿಯನ್ನು ಚಹಾದಲ್ಲಿ ಅದ್ದಿ ತಿಂದ. ತೋಟದಲ್ಲಿ ಜಾಯಿಕಾಯಿ ಬುಡಕ್ಕೆ ಕಳೆ ಬೆಳೆದಿತ್ತು. ಕತ್ತಿ ತಂದು ಕಲ್ಲಿನ ಮೇಲೆ ಮಸೆಯತೊಡಗಿದ. ಭಾನುವಾರ ಬೆಳಿಗ್ಗೆ ಕತ್ತಿ ಮಸೆಯುವ ಸದ್ದು! ನಮ್ಮೂರಿನಲ್ಲಿ ಬೇರೆ ಯಾರಾದರೂ ಮಸೆದಿದ್ದರೆ ಬೀದಿಯೇ ಬಂದು ನಿಲ್ಲುತ್ತಿತ್ತು. ಬೇಲಿಯಾಚೆ ಯಾಕೊಬಾ ತಲೆ ಬಾಚಿಕೊಳ್ಳುತ್ತಾ ಕೇಳಿಸಿಕೊಂಡಳು, ಹಲ್ಲು ಕಚ್ಚಿ ಸುಮ್ಮನಿದ್ದಳು.

ಆಗ ಗಂಟೆ ಹೊಡೆಯಿತು.

ಕತ್ತಿ ಕಲ್ಲಿನ ಮೇಲೆಯೇ ನಿಂತಿತು. ಸತ್ತವರು ಯಾರು? ಎಣಿಸಿದ. ಒಂದು. ಎರಡು. ಆಮೇಲೆ ಮೂರು ನಾಲ್ಕು ಒಟ್ಟೊಟ್ಟಿಗೆ. ಆಮೇಲೆ ಏನೂ ಇಲ್ಲ. ಆಮೇಲೆ ಕೆಮ್ಮಿದ ಹಾಗೆ ಒಂದು. ಇದು ಸಾವಿನದೂ ಅಲ್ಲ, ಆರಾಧನೆಯದೂ ಅಲ್ಲ, ದೇವರಿಗೇ ಪ್ರೀತಿ. ಹಗ್ಗಕ್ಕೆ ಯಾರೋ ಮೇಕೆ ಕಟ್ಟಿದ ಹಾಗಿತ್ತು. ಮಿಂಗುಸನ ಕಿವಿ ಬಿಸಿಯಾಯಿತು. ಮೂವತ್ತೊಂದು ವರ್ಷ ಮಗುವಿನಂತೆ ನೋಡಿಕೊಂಡ ಗಂಟೆಯನ್ನು ಯಾರು ಹೀಗೆ ಬಡಿಯುತ್ತಿರುವುದು? ನಾಲ್ಕು ತಿಂಗಳ ಮೇಲೆ ಅವನಿಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ನೆಟ್ಟಗೆ ಎದ್ದು, ಕತ್ತಿ ಹಿಡಿದೇ ಬೇಲಿಯ ಹತ್ತಿರ ಹೋದ.

"ಯಾಕೊಬಾ! ಯಾರದು ಗಂಟೆ ಹತ್ರ? ಸೋಮವಾರ ಬೆಳಿಗ್ಗೆ ಏನು ಹುಡುಗಾಟ ಇದು?"

ಯಾಕೊಬಾ ಕಪ್ಪು ಬಟ್ಟೆ ಉಟ್ಟು, ಬೈಬಲ್ಲು ಕೈಯಲ್ಲಿ ಹಿಡಿದು ಹೊರಗೆ ಬಂದಳು.

"ಸೋಮವಾರ ಅಲ್ಲ ಬಾಪಾ. ಇವತ್ತು ಭಾನುವಾರ. ಒಮಾ ಹೊಡೀತಾ ಇದಾರೆ."

"ಭಾನುವಾರ ನಿನ್ನೆ ಆಯ್ತಲ್ಲ."

"ನಿನ್ನೆ ಶನಿವಾರ. ಶುಕ್ರವಾರ ಸಂಜೆ ನಾನು ಇಸ್ತ್ರಿ ಮಾಡಿದೆ. ನಿಮಗೆ ವಾಸನೆ ಬಂತೇನೋ, ನಮಗೂ ಆಮೇಲೆ ಹೊಳೀತು." ಅವಳು ಅವನ ಕಣ್ಣು ನೋಡಲಾರದೆ ಕತ್ತಿಯನ್ನು ನೋಡಿದಳು.

ಒಣಮೀನಿನ ಬುಟ್ಟಿ, ಸುಕ್ಕು ಬಟ್ಟೆಗಳು, ಒಮಾ ಅರ್ಧಕ್ಕೆ ನುಂಗಿದ ಮಾತು, ಒಂದೊಂದೇ ಅವನ ಕಣ್ಣ ಮುಂದೆ ಬಂದು ನಿಂತವು. ನಾಚಿಕೆಯಿಂದ ಅವನ ಮುಖ ಕಪ್ಪಿಟ್ಟಿತು.

"ಇಡೀ ಊರು? ಸಂತೆ ಬಿಟ್ಟು?"

"ನೀವು ಕರೆದ್ರಿ, ಬಂದ್ವಿ."

"ತಪ್ಪಿ ಕರೆದೆ ಕಣೇ!"

"ಅದನ್ನ ಗಂಟೆಗೆ ಹೇಳಿ, ನನಗ್ಯಾಕೆ ಹೇಳ್ತೀರಾ?" ಯಾಕೊಬಾಳಿಗೆ ರೇಗಿತು, ನಾಲ್ಕು ತಿಂಗಳು ತಡೆದುಕೊಂಡಿದ್ದು ಹೊರಗೆ ಬಂತು. "ಪ್ರಾರ್ಥನೆ ಬರಲ್ಲ ಅಂತ ಕೀಲಿ ಕೊಟ್ರಂತೆ. ನಿನ್ನೆ ನಾನು ಒಳಗೆ ಕೂತಿದ್ದೆ, ಮನಸ್ಸೆಲ್ಲಾ ಟ್ರಕ್ಕಲ್ಲಿತ್ತು. ಜಾಯಿಕಾಯಿಗೆ ಇಲಿ ಬಿದ್ರೆ ಏನ್ಮಾಡ್ಲಿ ಅಂತ. ಒಂದಕ್ಷರ ತಲೆಗೆ ಹೋಗ್ಲಿಲ್ಲ. ಎಲ್ರಿಗೂ ಪ್ರತಿ ವಾರ ಬರುತ್ತೆ ಅಂದ್ಕೊಂಡಿದೀರಾ? ಬಂದೋರು ಹೇಳ್ತಾರೆ, ಬರದೇ ಇದ್ದೋರು ಪಕ್ಕದಲ್ಲಿ ನಿಂತಿರ್ತಾರೆ. ನಾಲ್ಕು ತಿಂಗಳಿಂದ ಊರು ನಿಮ್ಮ ಪಾಲಿಂದೂ ಸೇರಿಸೇ ಹೇಳ್ತಾ ಇದೆ. ನಿಮಗೆ ಕೇಳಿಸ್ಲಿಲ್ಲ, ಅಷ್ಟೇ."

ಅವನು ಬೇಲಿ ಹಿಡಿದು ನಿಂತೇ ಇದ್ದ, ಎಂಟೂವರೆಯಾಯಿತು. ಎರಡನೆಯ ಗಂಟೆ ಶುರುವಾಯಿತು.

ಈ ಸಲ ಒಮಾ ನಿಧಾನವಾಗಿ ಎಳೆಯುತ್ತಿದ್ದಳು, ದಣಿದಿರಬೇಕು. ಒಂದು ಪೆಟ್ಟು ತೆಂಗಿನ ಮರಗಳ ಮೇಲಿನಿಂದ ಬಂತು. ಅದು ಆರುವ ಮುಂಚೆ ಕೊಲ್ಲಿಯ ಆಚೆಯ ಬಂಡೆಗೆ ಬಡಿದು, ನೀರಿನ ಮೇಲಿನಿಂದ ಇನ್ನೊಮ್ಮೆ ಬಂತು, ಮೊದಲಿಗಿಂತ ಮೆತ್ತಗೆ. ಮತ್ತೊಂದು ಪೆಟ್ಟು, ಮತ್ತೆ ಆಚೆ ದಡದಿಂದ ಅದರ ಓಗೊಡುವಿಕೆ. ಮಿಂಗುಸ್ ತಲೆಯೆತ್ತಿದ. ಗಂಟೆಯ ಕೆಳಗೆ ನಿಂತವನಿಗೆ ಇದು ಎಂದೂ ಕೇಳಿಸಿರಲಿಲ್ಲ. ಅಲ್ಲಿ ಬರೀ ಸದ್ದು. ಮನೆಯಿಂದ ಕೇಳಬೇಕು ಎಂದು ಅವಳು ಹೇಳುತ್ತಿದ್ದದ್ದು ಇದನ್ನು. ಇಪ್ಪತ್ತೊಂಬತ್ತು ವರ್ಷ ಹೇಳಿದಳು, ಅವನು ಅವಳಪ್ಪನ ಹೆಸರು ಎತ್ತಿ ನಕ್ಕ.

ಕತ್ತಿಯನ್ನು ಮೆಟ್ಟಿಲ ಮೇಲಿಟ್ಟು ಒಳಗೆ ಹೋದ. ನಿನ್ನೆಯ ಕಪ್ಪು ಅಂಗಿ ಮೊಳೆಯಲ್ಲಿ ನೇತಾಡುತ್ತಿತ್ತು, ಹಾಕಿಕೊಂಡ. ಒಳಕೋಣೆಯ ಬಾಗಿಲು ಬಿಗಿದಿತ್ತು, ಭುಜ ಕೊಟ್ಟು ತಳ್ಳಿದ. ಬಿಳಿ ಬಟ್ಟೆಯ ಮೇಲೆ ಧೂಳು, ಹರಕೆಯ ತಟ್ಟೆಯಲ್ಲಿ ಒಂದು ಸತ್ತ ಪತಂಗ. ಅಭ್ಯಾಸಬಲದಿಂದ ಮೇಜಿಗೆ ಎರಡು ಹೆಜ್ಜೆ ಹಿಂದೆ, ಅವಳ ಬೆನ್ನ ಹಿಂದಿನ ತನ್ನ ಜಾಗದಲ್ಲೇ ನಿಂತ.

"ಅಜ್ಜಾ," ಎಂದ. ಸಿಹಿ ಅನ್ನಲು ನಾಲಿಗೆ ಏಳಲಿಲ್ಲ. "ಅಜ್ಜಾ, ಬರ್ತಾ ಇದೀನಿ. ಬಾಗಿಲು ತೆಗೆದಿರು. ಆ ಮುದುಕಿ ಕೈಯಿಂದ ಹಗ್ಗ ಬಿಡಿಸು, ಗಂಟೆ ಸೀಳಿ ಹೋಗುತ್ತೆ. ಆಮೇಲೆ... ಸಲೋಮಿ ಅಲ್ಲೇ ಎಲ್ಲಾದ್ರೂ ಇದ್ರೆ ಹೇಳು. ಮನೆಯಿಂದ ಕೇಳ್ದೆ ಅಂತ ಹೇಳು."

ಅಷ್ಟೇ ಬಂದದ್ದು. ಮಾತು ಮುಗಿದಿತ್ತು, ಆದರೂ ಅವನು ಕಾದು ನಿಂತ. ಆ ಕೋಣೆಯಲ್ಲಿ ಮಾತಾಡಿದವರು ಆಮೆನ್ ಅನ್ನುವುದಿಲ್ಲ. ಹಿಂದೆ ನಿಂತವರು ಅನ್ನಬೇಕು.

"ಆಮೆನ್," ಎಂದಳು ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ ಯಾಕೊಬಾ. ಅವನ ಅಂಗಿ ನೋಡಿ, "ಗುಂಡಿ ಸರಿ ಹಾಕ್ಕೊಳ್ಳಿ ಬಾಪಾ. ನಿನ್ನೆಯಿಂದ ನೋಡ್ತಾ ಇದೀನಿ," ಎಂದಳು.

ಚರ್ಚಿನ ಹತ್ತಿರ ಬಂದಾಗ ಒಮಾ ತೋಸ್ ಮೂರನೆಯ ಗಂಟೆಗೆ ಹಗ್ಗ ಹಿಡಿದು ನಿಂತಿದ್ದಳು. ಬೆವರಿನಿಂದ ರವಿಕೆ ಬೆನ್ನಿಗೆ ಅಂಟಿತ್ತು. ಮಿಂಗುಸ್ ನೇರ ಹೋಗಿ ಕೈ ಚಾಚಿದ.

"ಕೊಡಿ ಒಮಾ. ಹೀಗಲ್ಲ ಅದು. ಎಳೆದು ಅರ್ಧ ಉಸಿರು ಬಿಡಬೇಕು."

"ಯಾಕೆ ಕೊಡ್ಲಿ? ನಿನ್ನೆ ಕೀಲಿ ಕೊಟ್ಟು ಹೋದೋನು ನೀನು. ಹೆಸರಲ್ಲೇ ಭಾನುವಾರ ಇಟ್ಕೊಂಡು ಶನಿವಾರ ಊರು ಎಬ್ಬಿಸಿದೋನು ನನಗೆ ಹೇಳಿಕೊಡೋಕೆ ಬಂದ!" ಒಮಾ ಹಗ್ಗವನ್ನು ಎದೆಗೆ ಒತ್ತಿಕೊಂಡಳು. ಆಮೇಲೆ ದನಿ ಇಳಿಸಿದಳು. "ಹೋಗು, ಒಳಗೆ ಕೂತ್ಕೋ. ಮೂವತ್ತೊಂದು ವರ್ಷ ನಮ್ಮನ್ನೆಲ್ಲಾ ಕರೆದಿದೀಯ. ಇವತ್ತು ನಿನ್ನನ್ನ ಕರೀತಾ ಇದೀನಿ. ಬಾ."

ಹಿಂದೆ ಗಂಟೆ ಒಂದು ಗಟ್ಟಿ ಒಂದು ಮೆತ್ತಗೆ ಹೊಡೆಯುತ್ತಿರಲು ಅವನು ಒಳಗೆ ಹೋದ. ಕಾಲು ತಾನಾಗಿ ಸ್ಟೂಲಿನ ಕಡೆ ತಿರುಗಿತು. ಅದರ ಮೇಲೆ ಆಗಲೇ ಮೀನು ಮಾರುವ, ಟ್ರಕ್ಕಿನಷ್ಟು ದಪ್ಪದ ಹೆಂಗಸು ಬೆತ್ತ ಹಿಡಿದು ಕೂತಿದ್ದಳು, ನಾಯಿಗಳಿಗಾಗಿ. ಮೇಷ್ಟ್ರು ಬೆಂಚಿನ ಮೇಲೆ ಸರಿದು ಜಾಗ ಮಾಡಿದರು. ಕೂತ. ಬೆಂಚಿನಿಂದ ಪೀಠ ಇಷ್ಟು ಹತ್ತಿರ ಕಾಣುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಮೇಷ್ಟ್ರ ಭುಜ ಅವನ ಭುಜಕ್ಕೆ ತಾಗುತ್ತಿತ್ತು, ಹಿಂದಿನವರ ಉಸಿರು ಕುತ್ತಿಗೆಗೆ ಬಡಿಯುತ್ತಿತ್ತು.

ಕರ್ತನ ಪ್ರಾರ್ಥನೆಗೆ ಎಲ್ಲರೂ ಎದ್ದರು. ಅವನಿಗೆ ಅಳು ಬರಲಿಲ್ಲ, ನೆಮ್ಮದಿಯೂ ಬರಲಿಲ್ಲ, ಮಾತೂ ಬರಲಿಲ್ಲ. ಬಾಗಿಲ ಬಳಿ ಇದೇ ಪ್ರಾರ್ಥನೆ ಒಂದು ಗುನುಗಾಗಿ ಕೇಳುತ್ತಿತ್ತು. ಇಲ್ಲಿ ಬೇರೆ ಬೇರೆ ದನಿಗಳಾಗಿ ಕೇಳಿತು: ಮೇಷ್ಟ್ರದು ಪಾಠ ಒಪ್ಪಿಸುವ ಹಾಗೆ, ಯಾಕೊಬಾಳದು ಅವಸರದಲ್ಲಿ, ಎದುರಿನ ಮುದುಕನದು ಅರ್ಧ ನುಂಗಿ. ಯಾರೋ ಒಬ್ಬರು ನಡುವೆ ಮರೆತು ನಿಂತರು. ಅಕ್ಕಪಕ್ಕದವರು ಮುಂದುವರಿಸಿದರು, ಮರೆತವರು ಆಮೇಲೆ ಬಂದು ಸೇರಿಕೊಂಡರು. ಪ್ರಾರ್ಥನೆಗೆ ಏನೂ ಕಡಿಮೆಯಾಗಲಿಲ್ಲ. ಅವನು ಕೊನೆಯವರೆಗೂ ಕಾದು, ಎಲ್ಲರೊಂದಿಗೆ ಆಮೆನ್ ಅಂದ.

ಆರಾಧನೆ ಮುಗಿದು ಬಾಗಿಲಲ್ಲಿ ಕೈಕುಲುಕುವಾಗ ಯಾರೂ ಶನಿವಾರದ ಮಾತೆತ್ತಲಿಲ್ಲ. ಕೊನೆಗೆ ಒಮಾ ತೋಸ್ ಭುಜ ನೀವಿಕೊಳ್ಳುತ್ತಾ ಅವನ ಮುಂದೆ ಬಂದು ನಿಂತಳು.

"ನಾಳೆ ಯಾವ ವಾರ, ಹೇಳು ನೋಡೋಣ."

"ಸೋಮವಾರ, ಒಮಾ."

"ಸದ್ಯ." ಸೊಂಟದ ಗಂಟು ಬಿಚ್ಚಿ ಕೀಲಿಯನ್ನು ಅವನ ಅಂಗೈಯಲ್ಲಿಟ್ಟು ಬೆರಳುಗಳನ್ನು ಮಡಿಸಿದಳು. "ನನ್ನ ತೋಳು ಬಿದ್ದುಹೋಯ್ತು. ಬರೋ ವಾರ ನೀನೇ ಸಾಯಿ ಇದರ ಜೊತೆ."

ಅವನು ಬೇಡವೆನ್ನಲಿಲ್ಲ. ಒಂದು ಹಗಲು ಒಂದು ರಾತ್ರಿ ಆಕೆಯ ಮೈಗೆ ಅಂಟಿಕೊಂಡಿದ್ದ ಕಬ್ಬಿಣ ಬೆಚ್ಚಗಿತ್ತು. ಬೆಚ್ಚಗಿದೆ ಎಂದು ಅವನ ಅಂಗೈಗೆ ತಿಳಿಯಿತು.